ಕೂಲಿ ಕೇಳುವುದು ಲೋಕದಾಸೆಯೇ?



ಈಚಿನ ದಿನಗಳಲ್ಲಿ ಒಂದು ಬೋಧನೆ ನಮ್ಮ ಸಭೆಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ವಿಶ್ವಾಸಿಯಾದವನು ಈ ಲೋಕದಿಂದ ಏನನ್ನೂ ನಿರೀಕ್ಷಿಸಬಾರದು. ನನಗೆ ಇದು ಬರಬೇಕು, ಅದು ಸಲ್ಲಬೇಕು ಎಂದು ಲೆಕ್ಕ ಹಾಕುವುದೇ ಅಹಂಕಾರ. ಸಿಕ್ಕಿದ್ದರಲ್ಲಿ ತೃಪ್ತನಾಗಿದ್ದು, ಸಿಗದ್ದನ್ನು ಕರ್ತನ ಪಾದಕ್ಕೆ ಒಪ್ಪಿಸಿ ಸುಮ್ಮನಿರಬೇಕು ಎಂಬುದು ಅದರ ಸಾರಾಂಶ. ಕೇಳುವುದಕ್ಕೆ ಇಂಪಾಗಿದೆ. ಅರ್ಧ ನಿಜವೂ ಆಗಿದೆ. ಪೂರ್ತಿ ಸುಳ್ಳಾಗಿದ್ದರೆ ನಮ್ಮ ಅಜ್ಜಿಯಂದಿರೇ ಅದನ್ನು ಹಿಡಿದುಹಾಕುತ್ತಿದ್ದರು. ಅರ್ಧ ನಿಜವಾಗಿರುವುದರಿಂದಲೇ ಅದು ಮನೆಯೊಳಕ್ಕೆ ಬಂದು ಚಾಪೆ ಹಾಸಿಕೊಂಡು ಕುಳಿತಿದೆ.

ಹಿಂದಿನ ಕಬ್ಬಿನ ಸುಗ್ಗಿಯಲ್ಲಿ ಜಹೀರಾಬಾದಿನ ಹತ್ತಿರದ ಒಂದು ಹಳ್ಳಿಯಲ್ಲಿ ಈ ಬೋಧನೆಯನ್ನು ನಾವು ಕಿವಿಯಾರೆ ಕೇಳಿದೆವು. ಎದುರಿಗೆ ನೆಲದ ಮೇಲೆ ಕುಳಿತಿದ್ದವರು ಕಬ್ಬು ಕಡಿಯುವ ಸಂಸಾರಗಳು. ಅವರಿಗೆ ಆರು ವಾರದ ಲೆಕ್ಕ ಬಾಕಿ ಇತ್ತು. ಗುತ್ತೇದಾರನ ಮೇಲೆ ದೂರು ಕೊಡಬೇಕೆಂದು ಇಬ್ಬರು ಮೂವರು ಎದ್ದಿದ್ದರು. ಹೊರಗಿನಿಂದ ಬಂದ ಬೋಧಕರು ಒಂದು ತಾಸು ಪ್ರಸಂಗ ಮಾಡಿ, ಪರಲೋಕದ ಕಿರೀಟಕ್ಕಾಗಿ ಹಂಬಲಿಸುವವರು ಕೂಲಿಯ ಚಿಲ್ಲರೆಗಾಗಿ ಕಚೇರಿ ಮೆಟ್ಟಿಲು ಹತ್ತುವುದು ಸರಿಯಲ್ಲವೆಂದು ಹೇಳಿದರು. ಅಂದು ರಾತ್ರಿಯ ಊಟ ಅವರಿಗೆ ಆ ಗುತ್ತೇದಾರನ ಮನೆಯಲ್ಲಿಯೇ ಇತ್ತು. ಅವರ ಹೆಸರು ಇಲ್ಲಿ ಬೇಡ. ಬೋಧನೆಯು ಅವರೊಬ್ಬರದಲ್ಲ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಂದರೆ ಕೊಡಗಿನ, ಚಿಕ್ಕಮಗಳೂರಿನ, ಹಾಸನದ ಲೈನು ಮನೆಗಳಲ್ಲಿ ಈ ಪತ್ರಿಕೆಯನ್ನು ಓದುವ ಅನೇಕರಿಗೆ ದೂರದ ಹೆಸರುಗಳು. ಆದರೆ ಇವು ಪರದೇಶವಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಗೆರೆಯ ಆಚೆ ಬಿದ್ದವು. ಇಂದು ಮೊದಲಿನೆರಡು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಳೆಯ ಕಾಗದಗಳಲ್ಲಿ ಉರ್ದು, ಹೀಗೆ ನಮ್ಮ ಬಾಳು. ಜಹೀರಾಬಾದಿನ ಸುತ್ತ ಕಬ್ಬು, ತಾಂಡೂರಿನಲ್ಲಿ ತೊಗರಿ ಮತ್ತು ಫರಸಿ ಕಲ್ಲಿನ ಗಣಿ, ನಾರಾಯಣಖೇಡದ ಹಳ್ಳಿ ತಾಂಡಾಗಳಿಂದ ಸುಗ್ಗಿ ಬಂತೆಂದರೆ ಗುಳೆ. ನಿಮ್ಮಲ್ಲಿ ಕಾಫಿ ಹಣ್ಣು ಕೊಯ್ಯುವವರ ಬೆನ್ನು ಹೇಗೋ ಇಲ್ಲಿ ಕಬ್ಬು ಹೊರುವವರ ಬೆನ್ನು ಹಾಗೆ. ಆ ಬೋಧನೆಯೂ ಎರಡು ಕಡೆಗೂ ಒಂದೇ ಬಸ್ಸಿನಲ್ಲಿ ಬರುತ್ತದೆ.

ಮೊದಲು ಒಪ್ಪಬೇಕಾದ್ದನ್ನು ಒಪ್ಪೋಣ. ಬಿಡಬೇಕೆಂದು ಯೇಸುಸ್ವಾಮಿಯವರು ಹೇಳಿದ್ದು ಸತ್ಯ. ಅದನ್ನು ಮರೆಮಾಚುವ ಸಂಘದವನು ಸುವಾರ್ತೆಯನ್ನು ಓದಿದವನಲ್ಲ. ಆದರೆ ಯಾರಿಗೆ ಹೇಳಿದರು? ನಿತ್ಯಜೀವಕ್ಕೆ ಏನು ಮಾಡಬೇಕೆಂದು ಕೇಳಿಕೊಂಡು ಬಂದ ಆಸ್ತಿವಂತನಿಗೆ, ಇರುವುದನ್ನು ಮಾರಿ ಬಡವರಿಗೆ ಕೊಡು ಎಂದರು. ಅವನು ಮುಖ ಬಾಡಿಸಿಕೊಂಡು ಹೋದನು. ಸುಂಕದವರ ಮುಖ್ಯಸ್ಥನಾದ ಜಕ್ಕಾಯನು ಕರ್ತನನ್ನು ಮನೆಗೆ ಬರಮಾಡಿಕೊಂಡ ದಿನವೇ ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಎಂದು ಎದ್ದು ನಿಂತು ಹೇಳಿದನು. ಕಣ್ಣು ಕಾಣದ ಬಾರ್ತಿಮಾಯನಿಗೆ ಮಾತ್ರ ಕರ್ತನು, ನಿರೀಕ್ಷೆಯನ್ನು ಬಿಡು ಎನ್ನಲಿಲ್ಲ. ನಿನಗೆ ಏನು ಬೇಕು ಎಂದು ಕೇಳಿದನು. ದಾರಿಯಲ್ಲಿದ್ದವರು ಅವನನ್ನು ಗದರಿಸಿ ಸುಮ್ಮನಿರು ಎಂದಿದ್ದರು. ಸುಮ್ಮನಿರು ಎನ್ನುವವರ ಗುಂಪು ಆಗಲೂ ಇತ್ತು.

ಬಿಡುವುದರ ಮಾತು ಬಂದಾಗಲೆಲ್ಲ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು ತೆಗೆಯುತ್ತಾರೆ. ಕ್ರಿಸ್ತನು ದೇವರ ಸಮಾನತೆಯನ್ನು ಬಿಗಿಯಾಗಿ ಹಿಡಿದುಕೊಳ್ಳದೆ ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದನೆಂದು ಅಲ್ಲಿ ಪೌಲನು ಬರೆಯುತ್ತಾನೆ. ನಿಜ. ಇಳಿದವನು ಮೇಲಿದ್ದವನು. ದಾಸನ ರೂಪದಲ್ಲಿಯೇ ಹುಟ್ಟಿದವನಿಗೆ ಇನ್ನೂ ಇಳಿ ಎಂದು ಹೇಳಲು ಆ ವಾಕ್ಯವನ್ನು ಉಪಯೋಗಿಸುವುದಾದರೆ, ಅದನ್ನು ತಲೆಕೆಳಗಾಗಿ ಓದಿದಂತಾಯಿತು.

ಅದೇ ಪತ್ರಿಕೆಯ ಕೊನೆಯಲ್ಲಿ ಪೌಲನು ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರಲು ಕಲಿತಿದ್ದೇನೆ ಎನ್ನುತ್ತಾನೆ. ಇದು ಬೋಧಕರ ಅಚ್ಚುಮೆಚ್ಚಿನ ಭಾಗ. ಆದರೆ ಅದೇ ಫಿಲಿಪ್ಪಿ ಪಟ್ಟಣದಲ್ಲಿ ಅದೇ ಪೌಲನು ಏನು ಮಾಡಿದನು? ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯವನ್ನು ನೋಡಿರಿ. ವಿಚಾರಣೆಯಿಲ್ಲದೆ ಛಡಿ ಏಟು ಹೊಡೆಸಿ ಸೆರೆಗೆ ಹಾಕಿದರು. ಮರುದಿನ ಅಧಿಕಾರಿಗಳು ಸದ್ದಿಲ್ಲದೆ ಬಿಟ್ಟುಬಿಡಿ ಎಂದು ಹೇಳಿಕಳುಹಿಸಿದರು. ಪೌಲನು ಹೊರಡಲಿಲ್ಲ. ನಾವು ರೋಮಿನ ಹಕ್ಕುದಾರರು, ಬಹಿರಂಗವಾಗಿ ಹೊಡೆಸಿ ಗುಟ್ಟಾಗಿ ಕಳುಹಿಸುವುದೇ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಕುಳಿತನು. ಅಧಿಕಾರಿಗಳು ತಾವೇ ಬಂದು ಕೇಳಿಕೊಂಡರು. ಮುಂದೆ ಕೈಸರನ ತನಕ ಮೇಲ್ಮನವಿ ಹೋದವನೂ ಅವನೇ. ನಮ್ಮ ಸಂಘದ ಯಾವ ಕಾರ್ಯದರ್ಶಿಯೂ ಇದಕ್ಕಿಂತ ಗಟ್ಟಿಯಾಗಿ ಕುಳಿತದ್ದನ್ನು ನಾವು ಕಂಡಿಲ್ಲ.

ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಅವನು ಇದನ್ನು ಇನ್ನೂ ಬಿಡಿಸಿ ಹೇಳುತ್ತಾನೆ. ದುಡಿದವನಿಗೆ ಸಂಭಾವನೆಯ ಹಕ್ಕುಂಟು ಎಂದು ಸೈನಿಕನ, ತೋಟ ಮಾಡಿದವನ, ಮಂದೆ ಕಾಯುವವನ, ಕಣ ತುಳಿಯುವ ಎತ್ತಿನ ಉದಾಹರಣೆ ಕೊಟ್ಟು ಮೊದಲು ಸ್ಥಾಪಿಸುತ್ತಾನೆ. ಆಮೇಲೆ, ಆ ಹಕ್ಕನ್ನು ತಾನು ಬಳಸಲಿಲ್ಲ ಎನ್ನುತ್ತಾನೆ. ಹಕ್ಕು ಅವನದು, ಬಿಟ್ಟವನು ಅವನೇ. ಅವನ ಪರವಾಗಿ ಕೊರಿಂಥದ ಸಾಹುಕಾರರು ಬಿಡಲಿಲ್ಲ. ಮೊದಲು ಇದು ನಿನ್ನದು ಎಂದು ಒಪ್ಪಿ ಕೈಗೆ ಕೊಡಬೇಕು. ಆಮೇಲೆ ಅವನು ಅದನ್ನು ಕಾಣಿಕೆ ಡಬ್ಬಿಗೆ ಹಾಕುತ್ತಾನೋ ಮಗಳ ಮದುವೆಗೆ ಇಡುತ್ತಾನೋ ಅವನಿಗೂ ದೇವರಿಗೂ ಬಿಟ್ಟ ವಿಷಯ. ಕೈಗೇ ಬಾರದ್ದನ್ನು ಬಿಡು ಎಂದರೆ ಅದಕ್ಕೆ ನಮ್ಮ ಊರಿನಲ್ಲಿ ಕಸಿದುಕೊಳ್ಳುವುದು ಎನ್ನುತ್ತಾರೆ.

ಇನ್ನು ಕೂಲಿಯ ವಿಷಯ. ಕೂಲಿಯು ನಿರೀಕ್ಷೆಯಲ್ಲ, ಬಾಕಿ. ಈ ಎರಡು ಮಾತುಗಳ ಭೇದ ತಿಳಿಯದವರು ಪ್ರಸಂಗಪೀಠ ಹತ್ತಬಾರದು. ಯಾಜಕಕಾಂಡ 19ನೇ ಅಧ್ಯಾಯವು ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ವಿಧಿಸುತ್ತದೆ. ಧರ್ಮೋಪದೇಶಕಾಂಡ 24 ಸೂರ್ಯನು ಮುಳುಗುವುದರೊಳಗೆ ಕೊಡಬೇಕೆನ್ನುತ್ತದೆ, ಅವನು ಬಡವನು, ಅದನ್ನೇ ನೆಚ್ಚಿಕೊಂಡಿದ್ದಾನೆ ಎಂಬ ಕಾರಣವನ್ನೂ ಕೊಡುತ್ತದೆ. ಕೂಲಿಯ ಮೇಲೆ ಬಡವನ ಮನಸ್ಸು ಇರುವುದನ್ನು ದೇವರ ವಾಕ್ಯವು ದುರಾಸೆ ಎಂದು ಕರೆಯಲಿಲ್ಲ. ಅದೇ ಕಾರಣಕ್ಕೆ ಬೇಗ ಕೊಡಿರಿ ಎಂದಿತು. ಯಾಕೋಬನಂತೂ ತಡೆಹಿಡಿದ ಕೂಲಿಯು ತಾನೇ ಕೂಗುತ್ತದೆಂದೂ ಆ ಕೂಗು ಸೇನಾಧೀಶ್ವರನ ಕಿವಿಗೆ ಮುಟ್ಟಿದೆಯೆಂದೂ ಬರೆದನು. ಕೂಲಿಯಾಳು ಸುಮ್ಮನಿದ್ದರೂ ಕೂಲಿ ಸುಮ್ಮನಿರುವುದಿಲ್ಲ. ಅದಕ್ಕೆ ಯಾವ ಬೋಧಕರು ಬಾಯಿ ಮುಚ್ಚಿಸುತ್ತಾರೆ?

ನಮ್ಮ ದೇಶದ ಕಾನೂನೂ ಇಲ್ಲಿಗೆ ಬಂದು ಸೇರಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 1948ರ ಕನಿಷ್ಠ ವೇತನ ಕಾಯ್ದೆ, 1936ರ ವೇತನ ಪಾವತಿ ಕಾಯ್ದೆ ಎಲ್ಲ ಅದರೊಳಗೆ ಸೇರಿಹೋದವು. ದಿನಗೂಲಿಯವನಿಗೆ ಆ ದಿನದ ಪಾಳಿ ಮುಗಿದಾಗಲೇ ಕೊಡಬೇಕು, ವಾರದ ಬಟವಾಡೆಯಾದರೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳವಾದರೆ ಮುಂದಿನ ತಿಂಗಳ ಏಳನೆಯ ದಿನದೊಳಗೆ. ಹೊಸ ಸಂಹಿತೆಗಳಲ್ಲಿ ಕಾರ್ಮಿಕರಿಗೆ ಅನುಕೂಲವಲ್ಲದ್ದು ಬಹಳ ಉಂಟು, ಅದನ್ನು ಬೇರೆ ಬರೆಯಬೇಕು. ಆದರೆ ಈ ಒಂದು ವಿಧಿ ಮೋಶೆಯ ಧರ್ಮಶಾಸ್ತ್ರದ ನೆರಳಿನಲ್ಲಿ ನಿಂತಂತಿದೆ. ಕಾನೂನನ್ನು ಮಾಡಿದವರಿಗೆ ಅದು ಗೊತ್ತಿತ್ತೋ ಇಲ್ಲವೋ.

ಹಾಗಾದರೆ ಕಬ್ಬು ಕಡಿಯುವವರ ಬಾಕಿ ಎಲ್ಲಿ ನಿಲ್ಲುತ್ತದೆ? ಕಾರ್ಖಾನೆಯು ಕಬ್ಬು ಪಡೆದ 14 ದಿನದೊಳಗೆ ರೈತನಿಗೆ ಹಣ ಕೊಡಬೇಕೆಂದೂ ತಡವಾದರೆ ನೂರಕ್ಕೆ 15ರ ಬಡ್ಡಿ ಸೇರಿಸಬೇಕೆಂದೂ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾರ್ಖಾನೆ ತಡಮಾಡಿದರೆ ರೈತನು ತಡಮಾಡುತ್ತಾನೆ, ರೈತನು ತಡಮಾಡಿದನೆಂದು ಗುತ್ತೇದಾರನು ಕೈ ಎತ್ತುತ್ತಾನೆ. ಕೊನೆಗೆ ಕತ್ತಿ ಹಿಡಿದ ಗಂಡ ಹೆಂಡತಿಯ ಜೋಡಿಗೆ ಉಳಿಯುವುದು ಸುಗ್ಗಿಗೆ ಮೊದಲು ಪಡೆದ ಮುಂಗಡದ ಸಾಲ ಮಾತ್ರ. ಬಡ್ಡಿಯ ವಿಧಿ ರೈತನ ಮನೆಯವರೆಗೂ ಬರುತ್ತದೆ. ಗುಡಿಸಲಿನ ಬಾಗಿಲಿಗೆ ಬರುವುದು ತೃಪ್ತಿಯ ಬೋಧನೆ. ಈ ಮುಂಗಡವೂ ಹೊಸದಲ್ಲ. ನಿಜಾಮರ ರಾಜ್ಯದಲ್ಲಿ ಸಾಲಕ್ಕೆ ದುಡಿಯುವ ಆಳಿಗೆ ಭಗೇಲಾ ಎಂಬ ಹೆಸರಿತ್ತು. ಅಪ್ಪನ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ. ಅದಕ್ಕೆ ಕಡಿವಾಣ ಹಾಕಲು 1936ರಲ್ಲಿ ನಿಜಾಮ ಸರ್ಕಾರವೇ ಒಂದು ಕಾನೂನು ತಂದಿತು. ದೇಶಕ್ಕೆಲ್ಲ ಜೀತ ರದ್ದತಿಯ ಕಾಯ್ದೆ ಬಂದದ್ದು 1976ರಲ್ಲಿ. ಆ ನಲವತ್ತು ವರ್ಷಗಳಲ್ಲಿ ಭಗೇಲಾ ಆಳಿಗೆ ಎಷ್ಟು ಮಂದಿ ತೃಪ್ತಿಯನ್ನು ಉಪದೇಶಿಸಿರಬೇಡ!

ಮಿಷನರಿಗಳೆಲ್ಲ ಹೀಗೆಯೇ ಇದ್ದರೆಂದು ಯಾರೂ ತಿಳಿಯಬಾರದು. ನಮ್ಮ ಪಕ್ಕದ ಮೆದಕ್‌ನಲ್ಲಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ವೆಸ್ಲಿಯನ್ ಮಿಷನರಿ 1914ರಲ್ಲಿ ಆರಂಭಿಸಿದ ದೊಡ್ಡ ದೇವಾಲಯವು 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಬರಗಾಲದ ದಿನಗಳಲ್ಲಿ ಹಸಿದ ಜನರಿಗೆ ಕೆಲಸ ಕೊಟ್ಟು, ಕೆಲಸಕ್ಕೆ ಅನ್ನ ಕೊಟ್ಟು ಕಟ್ಟಿದ ಕಟ್ಟಡವದು. ಇಂದು ಅದರ ಗೋಪುರವನ್ನು ನೋಡಲು ಊರೂರಿನಿಂದ ಬರುತ್ತಾರೆ. ನಮಗೆ ಗೋಪುರಕ್ಕಿಂತ ಆ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. ಹಸಿದವನ ಮುಂದೆ ನಿಂತು, ನಿರೀಕ್ಷೆಯನ್ನು ಬಿಡು, ಪರಲೋಕದಲ್ಲಿ ಊಟವುಂಟು ಎನ್ನುವುದು ಸುಲಭವಾಗಿತ್ತು. ಕಲ್ಲು ಹೊರಿಸಿ ಕಾಳು ಅಳೆದು ಕೊಡುವುದಕ್ಕೆ ಹತ್ತು ವರ್ಷ ಹಿಡಿಯಿತು.

ಇನ್ನೊಂದು ವಿಷಯವನ್ನು ಬಿಚ್ಚಿ ಹೇಳಲೇಬೇಕು. ನಮ್ಮ ಸಭೆಗಳ ಹೆಚ್ಚಿನ ಜನ ಮಾದಿಗರು, ಹೊಲೆಯರು; ಕ್ರಿಸ್ತನನ್ನು ಒಪ್ಪಿದ್ದಕ್ಕೆ ಸರ್ಕಾರ ಅವರಿಂದ ಒಂದು ಕಾಗದವನ್ನು ಹಿಂತೆಗೆದುಕೊಂಡಿತು. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶದ ಮೂರನೆಯ ಪ್ಯಾರಾದ ಪ್ರಕಾರ ಹಿಂದೂ ಧರ್ಮದವನಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡರು. ಕ್ರೈಸ್ತನಿಗೆ ಬಾಗಿಲು ತೆರೆಯಲಿಲ್ಲ. ತೆಲಂಗಾಣದಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15. ಅದೇ ಕೇರಿಯವನು ಕ್ರೈಸ್ತನೆಂದು ಬರೆಸಿದರೆ ಹಿಂದುಳಿದ ವರ್ಗದ ‘ಸಿ’ ಗುಂಪು, ನೂರಕ್ಕೆ 1. ಕೇರಿ ಅದೇ, ಬಾವಿ ಅದೇ, ಊರವರ ಬೈಗುಳವೂ ಅದೇ.

ಮದ್ರಾಸಿನಲ್ಲಿ ಸೂಸೈ ಎಂಬವರು ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿದು ಬದುಕುತ್ತಿದ್ದರು. ರಸ್ತೆ ಬದಿಯ ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಗೂಡಂಗಡಿ ಕೊಟ್ಟಾಗ ಇವರಿಗೆ ಕೊಡಲಿಲ್ಲ. ಕಾರಣ, ಇವರು ಕ್ರೈಸ್ತರು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1985ರಲ್ಲಿ ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು: ಮತಾಂತರದ ನಂತರವೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆಯೆಂದು ತೋರಿಸಿಲ್ಲ ಎಂದಿತು. ಬಿಸಿಲು ಮಳೆಗೆ ಒಂದು ಸೂರು ಕೇಳಿದ ಮನುಷ್ಯನಿಗೆ ಲೋಕದಾಸೆ ಹೆಚ್ಚು ಎಂದು ನಮ್ಮ ಬೋಧಕರು ಹೇಳುತ್ತಾರೆಯೇ? 2007ರಲ್ಲಿ ರಂಗನಾಥ ಮಿಶ್ರಾ ಆಯೋಗವು ಧರ್ಮಕ್ಕೂ ಪರಿಶಿಷ್ಟ ಜಾತಿಯ ಸ್ಥಾನಕ್ಕೂ ಇರುವ ಗಂಟನ್ನು ಬಿಚ್ಚಬೇಕೆಂದು ಶಿಫಾರಸು ಮಾಡಿತು. ಅದು ಕಪಾಟಿಗೆ ಹೋಯಿತು. 2022ರ ಅಕ್ಟೋಬರಿನಲ್ಲಿ ಮಾಜಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಮುಂದಾಳ್ತನದಲ್ಲಿ ಇನ್ನೊಂದು ಆಯೋಗವನ್ನು ನೇಮಿಸಿದರು. ಆಯೋಗಗಳಿಗೆ ನಮ್ಮ ಮೇಲೆ ಬಹಳ ಪ್ರೀತಿ.

ಈ ವಿಷಯದಲ್ಲಿ ಸಭೆಯ ಕೆಲವು ಹಿರಿಯರ ಮಾತು ನಮಗೆ ಸರ್ಕಾರದ ಆದೇಶಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಕ್ರಿಸ್ತನಿಗಾಗಿ ಎಲ್ಲವನ್ನೂ ನಷ್ಟವೆಂದು ಎಣಿಸಬೇಕಲ್ಲವೇ, ಸರ್ಟಿಫಿಕೇಟಿಗಾಗಿ ಯಾಕೆ ಅಳುತ್ತೀರಿ ಎನ್ನುತ್ತಾರೆ. ಹೀಗೆ ಹೇಳುವವರ ಮಕ್ಕಳು ಬಹುಮಟ್ಟಿಗೆ ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ ಓದಿ ಕೆಲಸ ಹಿಡಿದವರು. ತಾಂಡೂರಿನ ಗಣಿಯಲ್ಲಿ ಫರಸಿ ಎತ್ತುವವನ ಮಗಳು ಹಾಸ್ಟೆಲ್ ಸೀಟಿಗಾಗಿ ಶಾಲೆಯ ಕಾಗದದಲ್ಲಿ ಒಂದು ಹೆಸರು, ಸಭೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡರೆ ಅವಳನ್ನು ಕಪಟಿ ಎನ್ನುತ್ತಾರೆ. ಅವಳ ಎರಡು ಹೆಸರಿಗೆ ಹೊಣೆ ಅವಳಲ್ಲ. ದೇವರನ್ನು ಆರಿಸಿದರೆ ಓದು ಬಿಡು, ಓದನ್ನು ಆರಿಸಿದರೆ ದೇವರನ್ನು ಬಿಡು ಎಂಬ ಕಟ್ಟಳೆ ಮಾಡಿದವರು ಹೊಣೆ. ಅದನ್ನು ಕಂಡೂ ಬಾಯಿ ಬಿಡದ ಸಭೆಯೂ ಹೊಣೆ. ಅವಳು ಬಿಟ್ಟಿದ್ದಾಳೆ, ಅವಳ ತಾತನೂ ಬಿಟ್ಟಿದ್ದನು. ಬಿಡುವುದನ್ನು ಅವರಿಗೆ ಕಲಿಸುವಷ್ಟು ಬಿಟ್ಟವರು ನಮ್ಮ ಪೀಠಗಳಲ್ಲಿ ಯಾರಿದ್ದಾರೆ?

ಹಾಗಾದರೆ ಬಿಡಬೇಕಾದ್ದು ಏನೂ ಇಲ್ಲವೇ? ಉಂಟು, ಬಹಳ ಉಂಟು.

ಮೊದಲನೆಯದು, ದೇವರನ್ನು ಸಾಲಗಾರನನ್ನಾಗಿ ಮಾಡಿಕೊಂಡಿರುವ ಲೆಕ್ಕ. ತೃಪ್ತಿಯ ಬೋಧನೆ ಮಾಡುವವರೇ ಮರುದಿನ ಇದಕ್ಕೆ ವಿರುದ್ಧವಾದ ಇನ್ನೊಂದು ಬೋಧನೆಯನ್ನು ಮಾಡುತ್ತಾರೆ: ನೂರು ಕೊಟ್ಟರೆ ಸಾವಿರ ಬರುತ್ತದೆ, ಉಪವಾಸ ಮಾಡಿದರೆ ಮನೆ ಕಟ್ಟುತ್ತೀರಿ, ನಂಬಿದರೆ ಕಾರು. ಗುತ್ತೇದಾರನಿಂದ ಏನನ್ನೂ ನಿರೀಕ್ಷಿಸಬಾರದಂತೆ, ದೇವರಿಂದ ಬಡ್ಡಿಸಮೇತ ನಿರೀಕ್ಷಿಸಬಹುದಂತೆ! ಕೊಡಬೇಕಾದವನಿಗೆ ಮಾಫಿ, ಋಣವಿಲ್ಲದವನಿಗೆ ನೋಟೀಸು. ಇದು ತಲೆಕೆಳಗಾದ ಲೆಕ್ಕವಲ್ಲವೇ? ವಿಕಾರಾಬಾದಿನ ಹತ್ತಿರ ಧಾರೂರಿನ ಕಾಡಿನಲ್ಲಿ 1923ರಿಂದ ಮೆಥೋಡಿಸ್ಟ್ ಸಭೆಯ ಜಾತ್ರೆ ನಡೆಯುತ್ತಾ ಬಂದಿದೆ. ನವೆಂಬರಿನಲ್ಲಿ ಬೀದರ್, ಜಹೀರಾಬಾದ್, ತಾಂಡೂರು ಕಡೆಗಳಿಂದಲೂ ಜನ ಹೋಗಿ ಮರದ ಕೆಳಗೆ ಅಡಿಗೆ ಮಾಡಿಕೊಂಡು ಪ್ರಾರ್ಥಿಸುತ್ತಾರೆ. ನಮಗೆ ಆ ಜಾತ್ರೆ ಬಹಳ ಪ್ರಿಯ. ಒಂದು ವರ್ಷವೆಲ್ಲ ಬಗ್ಗಿದ ಬೆನ್ನು ಅಲ್ಲಿ ನಾಲ್ಕು ದಿನ ನೆಟ್ಟಗಾಗುತ್ತದೆ. ಆದರೆ ಅಲ್ಲಿಂದ ಬಂದ ಮೇಲೆ, ಹರಕೆ ಸಲ್ಲಿಸಿದ್ದೇನೆ, ಮಗನಿಗೆ ಕೆಲಸ ಆಗಲಿಲ್ಲ, ದೇವರು ಕೈಬಿಟ್ಟನು ಎನ್ನುವ ಮಾತು ಕೇಳುತ್ತೇವೆ. ಮಗನಿಗೆ ಕೆಲಸ ಸಿಗದಿರುವುದಕ್ಕೆ ಬೇರೆ ಕಾರಣಗಳುಂಟು, ಅವುಗಳನ್ನು ಸಂಘದಲ್ಲಿ ಕುಳಿತು ಹುಡುಕೋಣ. ದೇವರು ನಮಗೆ ಋಣಿಯಲ್ಲ. ಮಳೆ ಬಂದರೂ ಬಾರದಿದ್ದರೂ ಆತನು ನಮ್ಮವನು. ಇದನ್ನು ಬಿಡುವುದು ಕಷ್ಟ. ಕೂಲಿ ಬಿಡುವುದಕ್ಕಿಂತ ಕಷ್ಟ.

ಎರಡನೆಯದನ್ನು ಹೇಳಲು ನಾವು ಮತ್ತಾಯ 20ನೇ ಅಧ್ಯಾಯದ ದ್ರಾಕ್ಷೇತೋಟಕ್ಕೆ ಹೋಗಬೇಕು. ತೋಟದವರಾದ ನಿಮಗೆ ಇದು ಪಾದ್ರಿಗಳಿಗಿಂತ ಚೆನ್ನಾಗಿ ಅರ್ಥವಾದೀತು. ಮಾಲೀಕನು ಬೆಳಗಿನ ಜಾವವೇ ಅಡ್ಡೆಗೆ ಹೋಗಿ ದಿನಕ್ಕೆ ಒಂದು ಬೆಳ್ಳಿ ನಾಣ್ಯ ಎಂದು ಮಾತಾಡಿ ಆಳುಗಳನ್ನು ತಂದನು. ಒಂಬತ್ತು ಗಂಟೆಗೆ, ಮಧ್ಯಾಹ್ನಕ್ಕೆ, ಮೂರು ಗಂಟೆಗೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ತಂದನು. ಸಾಯಂಕಾಲ ಐದಕ್ಕೆ ಹೋದಾಗಲೂ ಕೆಲವರು ನಿಂತಿದ್ದರು. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ಯಾರೂ ಕರೆಯಲಿಲ್ಲ ಎಂದರು. ಜಹೀರಾಬಾದಿನ ಅಡ್ಡೆಯಲ್ಲಿ, ತಾಂಡೂರಿನ ಅಡ್ಡೆಯಲ್ಲಿ ಊಟದ ಗಂಟು ಬಿಚ್ಚದೆ ಮನೆಗೆ ಹಿಂದಿರುಗುವವರನ್ನು ನೋಡಿದವರಿಗೆ ಆ ಉತ್ತರ ಎಂಥದೆಂದು ಗೊತ್ತು. ಅದೇ ಸಂಜೆ, ಎಲ್ಲರ ಎದುರಿಗೆ, ಎಲ್ಲರಿಗೂ ಒಂದೊಂದು ನಾಣ್ಯ ಬಟವಾಡೆಯಾಯಿತು.

ಈ ಸಾಮ್ಯವನ್ನು ಹಿಡಿದುಕೊಂಡು, ನೋಡಿರಿ, ಮಾಲೀಕನು ಕೊಟ್ಟದ್ದನ್ನು ಪ್ರಶ್ನಿಸಬಾರದು ಎನ್ನುವವರಿದ್ದಾರೆ. ಅವರು ಕಥೆಯನ್ನು ನಿಧಾನವಾಗಿ ಓದಲಿ. ಯಾರಿಗೂ ಮಾತಾಡಿದ್ದಕ್ಕಿಂತ ಒಂದು ಕಾಸು ಕಡಿಮೆಯಾಗಲಿಲ್ಲ. ಯಾರಿಗೂ ನಾಳೆ ಬಾ ಎನ್ನಲಿಲ್ಲ. ಮುಂಗಡ ಹಿಡಿದುಕೊಳ್ಳಲಿಲ್ಲ. ಐದು ಗಂಟೆಗೆ ಬಂದವನ ಹೊಟ್ಟೆಗೂ ಪೂರ್ತಿ ದಿನದ ಕೂಲಿ ಬೇಕೆಂದು ಲೆಕ್ಕ ಹಾಕಿದನು. ಇಂಥ ಮಾಲೀಕನೊಬ್ಬನು ಕೊಡಗಿನಲ್ಲಾಗಲಿ ಜಹೀರಾಬಾದಿನಲ್ಲಾಗಲಿ ಇದ್ದರೆ ಅವನ ವಿಳಾಸವನ್ನು ಈ ಪತ್ರಿಕೆಗೆ ಕಳುಹಿಸಿರಿ, ಸಂಘದ ವತಿಯಿಂದ ಹಾರ ಹಾಕುತ್ತೇವೆ.

ಆದರೆ ಆ ಸಂಜೆ ಗೊಣಗಿದವರು ಯಾರು? ಬೆಳಗಿನಿಂದ ದುಡಿದವರು. ತಮಗೆ ಕಡಿಮೆ ಬಂತೆಂದಲ್ಲ. ಕಡೆಗೆ ಬಂದವರನ್ನು ನಮಗೆ ಸಮ ಮಾಡಿದೆ ಎಂದು. ಇಲ್ಲಿ ಕರ್ತನ ಬೆರಳು ಮಾಲೀಕನ ಕಡೆಗಲ್ಲ, ನಮ್ಮ ಕಡೆಗೆ ತಿರುಗಿದೆ. ನಮ್ಮ ನಮ್ಮೊಳಗಿನ ಹೆಚ್ಚುಗಾರಿಕೆ, ನಾನು ಮೊದಲು ಬಂದವನು ಎಂಬ ಜಂಬ, ಇವನಿಗೆ ನನ್ನಷ್ಟು ಯಾಕೆ ಎಂಬ ಉರಿ, ಬಿಡಬೇಕಾದ ಲೋಕದ ಹಕ್ಕುದಾರಿಕೆ ಇದೇ.

ಲೈನು ಮನೆಗಳಲ್ಲಿ ಇದು ಎಷ್ಟು ಬಗೆಯಾಗಿದೆ ನೋಡಿರಿ. ಚೆಕ್‌ರೋಲಿನಲ್ಲಿ ಹೆಸರಿರುವ ಖಾಯಂ ಆಳಿಗೆ ಗುತ್ತಿಗೆಯ ಆಳು ಕೀಳು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇಲೆ ಸಿಲೋನಿನಿಂದ ಬಂದು ಸುಳ್ಯ, ಪುತ್ತೂರಿನ ರಬ್ಬರು ತೋಟಗಳಲ್ಲಿ ನೆಲೆಸಿದವರನ್ನು ಎಷ್ಟೋ ಕಾಲ ಹೊರಗಿನವರೆಂದೇ ಕಂಡೆವು. ಈಗ ಕೊಡಗು, ಚಿಕ್ಕಮಗಳ

ೂರಿನ ತೋಟಗಳಿಗೆ ಅಸ್ಸಾಮಿನಿಂದ, ಬಂಗಾಳದಿಂದ, ಜಾರ್ಖಂಡಿನಿಂದ ಜನ ಬರುತ್ತಿದ್ದಾರೆ. ಇವರಿಂದಲೇ ನಮ್ಮ ಕೂಲಿ ಬಿತ್ತು ಎಂದು ನಮ್ಮ ಹುಡುಗರು ಸಿಟ್ಟಾಗುತ್ತಾರೆ. ಕೂಲಿ ಇಳಿಸುವವನು ಬಂದವನಲ್ಲ, ಅವನಿಗೆ ಕಡಿಮೆ ಕೊಟ್ಟು ನಿನ್ನನ್ನು ಹೆದರಿಸುವವನು. ಅವನಿಗೂ ನಿನ್ನಷ್ಟೇ ಕೂಲಿಯಾದರೆ ನಿನ್ನನ್ನು ಹೆದರಿಸುವುದಕ್ಕೆ ಮಾಲೀಕನ ಕೈಯಲ್ಲಿ ಏನು ಉಳಿಯಿತು? ಗಂಡಸಿಗೂ ಹೆಂಗಸಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯ್ದೆ 1976ರಲ್ಲಿಯೇ ಬಂತು, ಈಗ ವೇತನ ಸಂಹಿತೆಯಲ್ಲೂ ಉಂಟು. ಆದರೂ ಹೆಣ್ಣಾಳಿಗೆ ಕಡಿಮೆ ಎಣಿಸುವಾಗ ಬಟವಾಡೆಯ ಸಾಲಿನಲ್ಲಿ ನಿಂತ ಎಷ್ಟು ಗಂಡಂದಿರು ಬಾಯಿ ತೆರೆದಿದ್ದಾರೆ? ಇನ್ನು ದೇವಾಲಯದ ಒಳಗೆ ಇಂಥ ಮನೆತನಕ್ಕೆ ಮುಂದಿನ ಬೆಂಚು, ಇಂಥ ಜಾತಿಯವರಿಗೆ ಸಭೆಯ ಕಮಿಟಿ, ಸ್ಮಶಾನದಲ್ಲಿ ಕೂಡ ಬೇರೆ ಮೂಲೆ. ನಿರೀಕ್ಷೆ ಬಿಡಿರಿ ಎಂಬ ಪ್ರಸಂಗವನ್ನು ಆ ಮುಂದಿನ ಬೆಂಚಿಗೆ ಯಾರಾದರೂ ಮಾಡಿದ್ದನ್ನು ನಾವು ಕೇಳಿಲ್ಲ.

ಬಿಡುವುದು ಮತ್ತು ಹಿಡಿಯುವುದು ಎರಡನ್ನೂ ಒಟ್ಟಿಗೆ ಮಾಡಿದವರು ನಮ್ಮ ಕಡೆಯೇ ಇದ್ದಾರೆ. ಜಹೀರಾಬಾದಿನ ಸುತ್ತಲಿನ ಹಳ್ಳಿಗಳ ದಲಿತ ಹೆಣ್ಣುಮಕ್ಕಳ ಸಂಘಗಳು. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಅವರ ಜೊತೆ ಇದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಅದು ಕ್ರೈಸ್ತ ಸಂಸ್ಥೆಯಲ್ಲ, ಅಲ್ಲಿ ಪ್ರಸಂಗವೂ ನಡೆಯುವುದಿಲ್ಲ. ಆ ಹೆಣ್ಣುಮಕ್ಕಳು ಬಿಟ್ಟದ್ದು ಏನೆಂದರೆ, ಹಣದ ಬೆಳೆಯೇ ದೊಡ್ಡದು, ಬಿಳಿ ಅನ್ನವೇ ಗೌರವದ ಊಟ ಎಂಬ ಆಸೆ. ಬೀಳುಬಿದ್ದ ನೆಲವನ್ನು ಕೂಡಿ ಉತ್ತು ಜೋಳ, ನವಣೆ, ಸಜ್ಜೆ, ತೊಗರಿಯನ್ನು ಒಂದೇ ಹೊಲದಲ್ಲಿ ಬೆರೆಸಿ ಬಿತ್ತಿದರು. ಬಿಡದೆ ಹಿಡಿದದ್ದು ಬೀಜ, ನೆಲ, ಮಾತು. ಬೀಜವನ್ನು ಮನೆಯಲ್ಲಿಯೇ ಇಟ್ಟುಕೊಂಡರು, ಅಂಗಡಿಯವನ ಮುಂದೆ ಕೈ ಚಾಚಲಿಲ್ಲ. 2008ರಿಂದ ಮಾಚನೂರಿನಲ್ಲಿ ತಮ್ಮದೇ ರೇಡಿಯೋ ನಡೆಸುತ್ತಾ ಬಂದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಆಸೆಯನ್ನು ಬಿಟ್ಟ ಮೇಲೆ ಅವರ ದನಿ ತಗ್ಗಲಿಲ್ಲ, ಏರಿತು.

ಅದೇ ಸೀಮೆಯ ನ್ಯಾಲ್ಕಲ್, ಝರಾಸಂಗಮ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆಂದು 12,000 ಎಕರೆಗೂ ಮೀರಿ ಭೂಮಿಯನ್ನು ಗುರುತು ಮಾಡಿದಾಗ ನಮಗೆ ನೆನಪಾದದ್ದು ನಾಬೋತನ ದ್ರಾಕ್ಷೇತೋಟ. ಅರಸನಾದ ಅಹಾಬನು ಒಳ್ಳೆಯ ಬೆಲೆ ಕೊಡುತ್ತೇನೆಂದನು. ಪಿತೃಗಳ ಸ್ವಾಸ್ತ್ಯವನ್ನು ಕೊಡಲಾರೆ ಎಂದು ನಾಬೋತನು ಹೇಳಿದನು. ಎಲೀಯ ಪ್ರವಾದಿಯು ನಾಬೋತನ ಮನೆಗೆ ಹೋಗಿ ಮಣ್ಣಿನ ಮೋಹ ಬಿಡಬೇಕಿತ್ತಪ್ಪಾ ಎನ್ನಲಿಲ್ಲ. ನೇರವಾಗಿ ಅರಸನ ಎದುರಿಗೆ ಹೋಗಿ ನಿಂತನು. ಪ್ರವಾದಿಗಳ ಕೆಲಸ ಯಾವ ಮನೆಯ ಬಾಗಿಲಲ್ಲಿ ಎಂಬುದನ್ನು ನಮ್ಮ ಬೋಧಕರು ಅಲ್ಲಿಂದ ಕಲಿಯಬಹುದು.

ಪ್ರಿಯರೇ, ಮುಂದಿನ ತಿಂಗಳ ಮೊದಲ ಭಾನುವಾರ ಪ್ರಾರ್ಥನಾ ಕೂಟಕ್ಕೆ ಬರುವಾಗ ಬೈಬಲಿನ ಜೊತೆಗೆ ಹೋದ ತಿಂಗಳ ವೇತನದ ಚೀಟಿಯನ್ನೂ ತನ್ನಿರಿ. ಚೀಟಿ ಕೊಡುವುದು ಮಾಲೀಕನ ಕರ್ತವ್ಯವೆಂದು ವೇತನ ಸಂಹಿತೆಯಲ್ಲಿ ಬರೆದಿದೆ. ಮತ್ತಾಯ 20ನ್ನು ಓದಿದ ಮೇಲೆ ಚೀಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಣ: ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು, ಖಾಯಂ ಎಷ್ಟು, ಗುತ್ತಿಗೆ ಎಷ್ಟು, ಯಾವ ದಿನ ಕೈಗೆ ಬಂತು. ಹೊಸದಾಗಿ ಬಂದವರ ಲೈನಿಗೂ ಹೋಗಿ ಅವರನ್ನು ಕರೆಯಿರಿ. ಅವರು ನಮ್ಮ ಸಭೆಯವರಲ್ಲದಿದ್ದರೂ ಕರೆಯಿರಿ. ಚೀಟಿ ಕೊಡದ ತೋಟವಿದ್ದರೆ ಹಾಜರಿಯನ್ನು ನೀವೇ ಒಂದು ನೋಟುಪುಸ್ತಕದಲ್ಲಿ ದಿನ ದಿನ ಬರೆದು, ಮೇಸ್ತ್ರಿಯ ಎದುರಿಗೆ ಓದಿ ಹೇಳಿ, ಆ ಪುಸ್ತಕವನ್ನು ತನ್ನಿರಿ.